ಅಂಗನವಾಡಿಯಲ್ಲಿ ಸಿಟ್ಟು, ಅಳು, ಬಾಳೆಹಣ್ಣು

ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುವವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಬೆಳಿಗ್ಗೆ ಮೂಗು ಸುರಿಸಿಕೊಂಡು ತಾನೇ ಬಂದು ಚಾಪೆ ಮೇಲೆ ಕೂರುತ್ತದೆ. ತೊಂಬತ್ತರ ದಶಕದಲ್ಲಿ ಸೋಸಲೆ ಪಕ್ಕದ ಊರಲ್ಲಿ ನಾನು ಅಂಗನವಾಡಿ ನಡೆಸುತ್ತಿದ್ದಾಗ ನಡೆದ ಪ್ರಸಂಗಗಳಿವು.

ಮುಖದ ಪಟ

ತರಬೇತಿಯಲ್ಲಿ ನಗುವ, ಅಳುವ, ಸಿಟ್ಟಾದ ಮುಖಗಳ ಪಟ ಕೊಟ್ಟು ಕಳಿಸಿದ್ದರು. ಮಕ್ಕಳಿಗೆ ಭಾವನೆ ಗುರುತಿಸಲು ಕಲಿಸಬೇಕಂತೆ. ಹುಬ್ಬು ಗಂಟಿಕ್ಕಿದ ಮುಖ ತೋರಿಸಿ, “ಇವರಿಗೆ ಏನಾಗಿದೆ?” ಎಂದೆ.

“ಸಿಟ್ಟು ಬಂದದೆ” ಅಂದವು ಎಲ್ಲಾ.

“ಯಾಕೆ ಬಂದಿರಬಹುದು?”

ಮುಂದೆ ಕೂತಿದ್ದ ಹುಡುಗಿ ಪಟ ನೋಡಿದಳು, ನನ್ನ ಮುಖ ನೋಡಿದಳು. “ಸೂಪರ್‌ವೈಸರಮ್ಮ ಬಂದೋಗಿರ್ಬೇಕು ಮಿಸ್ಸು.”

ಎಣಿಕೆ

ಒಬ್ಬಳು ಸಿಟ್ಟು ಬಂದರೆ ಪಕ್ಕದವರ ಕೈ ಕಚ್ಚುತ್ತಿದ್ದಳು. “ಹತ್ತರವರೆಗೆ ಎಣಿಸು ಕಂದ, ಸಿಟ್ಟು ಇಳಿದುಹೋಗುತ್ತೆ” ಎಂದು ಹೇಳಿಕೊಟ್ಟೆ. ಮಾರನೇ ದಿನ ಚೆಂಡಿಗೆ ಜಗಳ. ಅವಳು ಕಣ್ಣು ಮುಚ್ಚಿ, “ಒಂದು, ಎರಡು, ಮೂರು, ನಾಕು” ಎಂದಳು. ನನಗೋ ಹೆಮ್ಮೆ. ಅಷ್ಟರಲ್ಲಿ ಕಚ್ಚಿಯೇಬಿಟ್ಟಳು!

“ಹತ್ತರವರೆಗೆ ಅಂದಿರಲಿಲ್ವಾ?”

“ಐದು ನೀವಿನ್ನೂ ಕಲ್ಸೇ ಇಲ್ವಲ್ಲ ಮಿಸ್ಸು!”

ಈರುಳ್ಳಿ

ಹೊಸದಾಗಿ ಸೇರಿದ್ದ ಒಂದು ಪುಟ್ಟಿ ದಿನಾ ಬಾಗಿಲು ಹಿಡಿದು ಅಳುತ್ತಿತ್ತು. “ಅಳಬೇಡ, ನಿಮ್ಮವ್ವ ಸಂಜೆ ಬರ್ತಾಳೆ” ಎಂದು ಒಂದು ಉಂಡೆ ಕೈಗಿಟ್ಟರೆ ಸುಮ್ಮನಾಗುತ್ತಿತ್ತು.

ಸಹಾಯಕಿ ರಜೆ ಹಾಕಿದ್ದ ದಿನ ಉಪ್ಪಿಟ್ಟಿಗೆ ನಾನೇ ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣು ಮೂಗು ಎಲ್ಲಾ ನೀರು. ಆ ಪುಟ್ಟಿ ಮೆಲ್ಲಗೆ ಬಂದು ನನ್ನ ಬೆನ್ನು ಸವರಿತು. “ಅಳ್ಬ್ಯಾಡಿ ಮಿಸ್ಸು. ನಿಮ್ಮವ್ವ ಸಂಜೆ ಬಂದು ಕರ್ಕಂಡೋಯ್ತಾಳೆ.”

ನಮ್ಮವ್ವ ತೀರಿಕೊಂಡು ಆಗ ಎರಡು ತಿಂಗಳು. ಈರುಳ್ಳಿ ಪಕ್ಕಕ್ಕಿಟ್ಟರೂ ಕಣ್ಣೀರು ನಿಲ್ಲಲಿಲ್ಲ. ನೋಡುತ್ತಿದ್ದ ಹುಡುಗನೊಬ್ಬನಿಗೆ ಸಾಕಾಯಿತು: “ಮಿಸ್ಸಿಗೂ ಒಂದುಂಡೆ ಕೊಡ್ರಪ್ಪ, ಸುಮ್ಕಾಯ್ತರೆ!”

ರಸಬಾಳೆ

ಮಕ್ಕಳ ಮನಸ್ಸಿನ ಬಗ್ಗೆ ಓದುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ನಂಜನಗೂಡಿನಿಂದ ಒಂದು ಚಿಪ್ಪು ರಸಬಾಳೆ ಹಿಡಿದು ಬಂದಳು. ಐದು ಮಕ್ಕಳ ಮುಂದೆ ಒಂದೊಂದು ಹಣ್ಣಿಟ್ಟು, “ನಾವು ಹೊರಗೆ ಹೋಗಿ ಬರೋವರೆಗೂ ತಿನ್ನದೆ ಕಾದವರಿಗೆ ಇನ್ನೊಂದು ಹಣ್ಣು” ಎಂದಳು.

ಅವರಲ್ಲಿ ಒಬ್ಬ ಅರೆಗಳಿಗೆ ಒಂದು ಕಡೆ ಕೂತವನಲ್ಲ. “ಇವನೇ ಮೊದಲು ಮುಗಿಸೋದು, ನೋಡ್ತಿರಿ” ಎಂದೆ ಆ ಹುಡುಗಿಗೆ.

ಹತ್ತು ನಿಮಿಷ ಬಿಟ್ಟು ಬಂದರೆ ನಾಲ್ಕು ಮಕ್ಕಳ ಮುಂದೆ ಬರೀ ಸಿಪ್ಪೆ. ಇವನ ಮುಂದೆ ಹಣ್ಣೂ ಇಲ್ಲ, ಸಿಪ್ಪೆಯೂ ಇಲ್ಲ. ಆದರೆ ಕೈಕಟ್ಟಿಕೊಂಡು, ಬೆವರುತ್ತಾ, ಒಂಚೂರೂ ಅಲ್ಲಾಡದೆ ಕೂತಿದ್ದ.

“ಸಿಪ್ಪೆ ಸಮೇತ ನುಂಗಿದ್ಯೇನೋ?”

“ತಿಂದಿಲ್ಲ ಮಿಸ್ಸು!”

“ಮತ್ತೆಲ್ಲಿ ಹೋಯ್ತು?”

ಎದ್ದು ತಿರುಗಿ ನಿಂತ. ಚಡ್ಡಿ ತುಂಬಾ ರಸಬಾಳೆ.

“ಕಣ್ಗೆ ಕಂಡ್ರೆ ತಿನ್ಬುಡ್ತೀನಿ ಅಂತ ಮ್ಯಾಲೆ ಕುಂತ್ಕಂಡಿದ್ದೆ.”

ನಾನು ನಾಚಿ ತಲೆ ತಗ್ಗಿಸಿದೆ. ಅವನು ಕಾಲೇಜು ಹುಡುಗಿಯ ಮುಂದೆ ಕೈಚಾಚಿದ: “ಅಕ್ಕ, ಇನ್ನೊಂದು ಕೊಡಿ. ಅದ್ರ ಮ್ಯಾಲೆ ಕುಂತ್ಕಳಲ್ಲ.”