ಅತ್ತೆಯ ಸೊಂಟದ ಮೂರು ಬರೆಗಳು

ನನ್ನ ಸೋದರತ್ತೆಯ ಸೊಂಟದ ಮೇಲೆ ಮೂರು ಬರೆಗಳಿವೆ. ಹಾಕಿದವನು ನಮ್ಮೂರಿನ ಮುದುಕನೊಬ್ಬ. ಹಾಕಿಸಿದವರು, ನಮ್ಮ ಐದು ತಾಲ್ಲೂಕುಗಳ ಆಸ್ಪತ್ರೆಗಳ ಹೊಣೆ ಹೊತ್ತ ಮಹನೀಯರೇ, ತಾವು. ಇದು ಆರೋಪ. ಆರೋಪದ ನಡುವೆ ನಗು ಬಂದರೆ ಅದಕ್ಕೆ ಹೊಣೆ ನಾನಲ್ಲ, ಅತ್ತೆ.

ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಹೊಗೆಸೊಪ್ಪು ಬಿಡುತ್ತಾರೆ. ನಮ್ಮತ್ತೆ ಬಿಟ್ಟದ್ದು ಕೂರುವುದನ್ನು. ಮಗಳ ಮದುವೆಯಲ್ಲಿ ಅನ್ನದ ಕೊಪ್ಪರಿಗೆ ಎತ್ತುವಾಗ ಸೊಂಟ ಹೊಕ್ಕ ನೋವು ಮತ್ತೆ ಹೊರಡಲೇ ಇಲ್ಲ. ಅದಕ್ಕವಳು ಇಟ್ಟ ಹೆಸರು ಬೀಗಪ್ಪ. "ಮದುವಿಗೆ ಬಂದ ಬೀಗರೆಲ್ಲಾ ಉಂಡು ಹೋದ್ರವ್ವ, ಇವ ಒಬ್ಬ ಉಳಕೊಂಡ" ಎನ್ನುವಳು. ಹತ್ತು ನಿಮಿಷ ಕೂತರೆ ಬೀಗಪ್ಪ ಎದ್ದುಬಿಡುತ್ತಾನೆ. ಆದ್ದರಿಂದ ಊಟ ನಿಂತೇ, ಹರಟೆ ನಿಂತೇ, ಕೊಟ್ಟೂರಿನಿಂದ ಕೂಡ್ಲಿಗಿಗೆ ಖಾಲಿ ಬಸ್ಸಿನಲ್ಲೂ ನಿಂತೇ.

"ಸೀಟು ಐತಲ್ಲಬೇ, ಕುಂದರಬಾರದಾ?" ಎಂದು ಕಂಡಕ್ಟರ್ ಗೊಣಗಿದರೆ, "ನೀ ಕುಂದರಪ್ಪ, ಟಿಕೇಟು ನಾ ಕೊಡ್ತೀನಿ" ಎನ್ನುತ್ತಿದ್ದಳು.

ಉಣ್ಣೆ ನೂಲುವುದು ಮಾತ್ರ ನಿಂತು ಆಗುವ ಕೆಲಸವಲ್ಲ. ಅತ್ತೆ ಬಿಟ್ಟಾಳೆಯೇ? ರಾಟೆಯನ್ನು ಜೋಳದ ಡಬ್ಬಿಯ ಮೇಲೆ ಏರಿಸಿ ನೂತಳು. ನೂಲು ಗಂಟುಗಂಟಾಯಿತು. ಕಂಬಳಿ ನೇಯುವವನು ಹಿಂದಕ್ಕೆ ಕಳಿಸಿದ. "ಇದನ್ನ ಹೊದ್ಕೊಂಡ್ರ ಕಡ್ಲಿ ಮ್ಯಾಲ ಮಲಗಿದಂಗ ಆಕ್ಕೈತಿ ಅಂದ್ನವ್ವ" ಎಂದು ನಕ್ಕಳು. ನಕ್ಕದ್ದು ಬಾಯಿ ಮಾತ್ರ. ಸಣ್ಣ ನೂಲಿಗೆ ಹಳ್ಳಿಹಳ್ಳಿಯಲ್ಲಿ ಹೆಸರಾದ ಕೈ ಅದು. ಮತ್ತೆ ನೆಲದ ಮೇಲೆ ಕೂತು ನೂಲಬೇಕು, ಅವಳ ಆಸೆ ಅಷ್ಟೇ.

ವರ್ಷಗಟ್ಟಲೆ ಅದೇ ಗುಳಿಗೆ, ಅದೇ ಸೂಜಿ ಕೊಟ್ಟ ತಾಲ್ಲೂಕು ಆಸ್ಪತ್ರೆಯವರು ಕೊನೆಗೊಮ್ಮೆ ದಾವಣಗೆರೆಗೆ ಚೀಟಿ ಬರೆದರು, ಇಂಗ್ಲಿಷಿನಲ್ಲಿ. ಅಲ್ಲಿ ಏನು ಮಾಡುತ್ತಾರೆಂದು ಅತ್ತೆ ಕೇಳಿದಳು. ಕಿಟಕಿಯೊಳಗಿನಿಂದ ಎರಡು ಶಬ್ದದ ಉತ್ತರ ಬಂತು: "ನರ ಸುಡ್ತಾರ." ಹೇಗೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ, "ಸರೀರಿ, ಹಿಂದ ಮಂದಿ ಅದಾರ."

ಸುಡುವುದಕ್ಕೆ ನಮ್ಮ ಕಡೆ ದಾವಣಗೆರೆ ಬೇಕೆ? ಕುರಿ ಮೇವು ಬಿಟ್ಟರೂ, ಕೂಸಿನ ಹೊಟ್ಟೆ ಉಬ್ಬಿದರೂ ಕುಡುಗೋಲು ಕಾಯಿಸಿ ಬರೆ ಹಾಕುವ ಮುದುಕ ಮೂರು ಮನೆ ಆಚೆಗೇ ಇದ್ದ. ಅತ್ತೆ ಚೀಟಿಯನ್ನು ಅವನ ಕೈಗಿಟ್ಟಳು. ಓದು ಬಾರದ ಆತ ಅದನ್ನು ತಿರುವಿ ಮುರುವಿ ನೋಡಿ, "ಡಾಕ್ಟ್ರೇ ಬರದುಕೊಟ್ಟಾರಂದ ಮ್ಯಾಲ ಒಂದರಾಗ ಮುಗಿಯಂಗಿಲ್ಲ, ಮೂರು ಹಾಕೂನು" ಎಂದನಂತೆ.

ಗಾಯ ಕೀವಾಗಿ ಹದಿನೈದು ದಿನ ಬೋರಲು ಮಲಗಿದಳು. ಬೀಗಪ್ಪ ಅಲುಗಲಿಲ್ಲ.

ಎಂ.ಎ. ಮುಗಿಸಿ ಊರಿಗೆ ಬಂದ ನಾನು ಚೀಟಿ ಓದಿ, ಜಗಳವಾಡಿಯೇ ಅವಳನ್ನು ದಾವಣಗೆರೆಗೆ ಕರೆದೊಯ್ದೆ. ಅಲ್ಲಿನ ವೈದ್ಯೆ ಬರೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

"ಅಮ್ಮಾ, ಬೆನ್ನಿನ ಕೀಲಿನ ನೋವನ್ನ ಮಿದುಳಿಗೆ ಚಾಡಿ ಹೇಳೋ ಸಣ್ಣ ನರ ಇರ್ತಾವೆ. ಸೂಜಿಯ ತುದಿಯಿಂದ ಅವಕ್ಕೆ ಕಾವು ಕೊಟ್ಟು ಬಾಯಿ ಮುಚ್ಚಿಸ್ತೀವಿ. ಕೊಯ್ಯೋದಿಲ್ಲ, ಅವತ್ತೇ ಮನೆಗೆ ಹೋಗಬಹುದು. ಮೊದಲು ಮರಗಟ್ಟೋ ಔಷಧಿ ಹಾಕಿ ನೋಡೋಣ. ನೋವು ಕಡಿಮೆಯಾದ್ರೆ ಮಾತ್ರ ಮುಂದಿನದು."

ಇದು ಎಲ್ಲರಿಗೂ ಒಗ್ಗದು, ನರ ಮತ್ತೆ ಬೆಳೆದರೆ ನೋವೂ ಮರಳಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಇಷ್ಟೆಲ್ಲ ಹೇಳಲು ಹಿಡಿದದ್ದು ನಾಲ್ಕು ನಿಮಿಷ. ಮಹನೀಯರೇ, ನಾಲ್ಕೇ ನಿಮಿಷ!

"ಈಗ ನೋವು ಹತ್ತಕ್ಕೆ ಎಷ್ಟು ಅಂತ ಹೇಳಿ."

"ಎಷ್ಟಕ್ಕ ಪಾಸು ಮಾಡ್ತೀರಿ?" ಎಂದಳು ಅತ್ತೆ.

ಪರೀಕ್ಷೆಯ ಸೂಜಿಯಾದ ಮಧ್ಯಾಹ್ನ ಬಸ್ಸಿನಲ್ಲಿ ಅವಳು ಕೂತಳು. ಹರಪನಹಳ್ಳಿ ದಾಟುವಷ್ಟರಲ್ಲಿ ನನ್ನ ಭುಜಕ್ಕೊರಗಿ ನಿದ್ದೆಹೋದಳು. ಮನೆ ಸೇರುವ ಹೊತ್ತಿಗೆ ಔಷಧಿಯ ಬಲ ಇಳಿದು ನೋವು ಮರಳಿತು. ನನ್ನ ಮುಖ ಬಾಡಿದ್ದನ್ನು ಕಂಡು ಅವಳೇ ಗದರಿದಳು: "ಯಾಕವ್ವ ಅಳುಮಾರಿ ಮಾಡ್ಕೊಂಡಿ? ಹೋಗಿ ಬಂತಂದ್ರ, ಅದು ಹೋಗೂವಂಥಾದು ಅಂತಾತಲ್ಲ."

ಕಾವು ಕೊಡುವ ಚಿಕಿತ್ಸೆ ಮುಂದಿನ ತಿಂಗಳು ನಡೆಯಿತು. ಮೂರು ವಾರದ ಬಳಿಕ ನಾನು ಹೋದಾಗ ಅತ್ತೆ ನೆಲದ ಮೇಲೆ, ರಾಟೆಯ ಮುಂದೆ ಕೂತಿದ್ದಳು. ನೂಲು ಸಣ್ಣಗೆ ಹರಿಯುತ್ತಿತ್ತು. ನನ್ನನ್ನು ಕಂಡು ರಾಟೆ ನಿಲ್ಲಿಸಿ ತೊಡೆ ತಟ್ಟಿದಳು. "ಬಾರವ್ವ, ತಲಿ ಇಡು."

ನಿಂತ ಹೆಂಗಸಿಗೆ ಮಡಿಲಿರುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅಷ್ಟು ವರ್ಷ ನಮಗೆ ಇಲ್ಲವಾಗಿದ್ದುದು ಅದು. ತಲೆಯಿಟ್ಟೆ. ಅವಳ ಬೆರಳುಗಳಿಗೆ ಉಣ್ಣೆಯ ವಾಸನೆಯಿತ್ತು.

ಆದಕಾರಣ ಮಹನೀಯರಲ್ಲಿ ವಿನಂತಿ: ದೂರದ ಆಸ್ಪತ್ರೆಗೆ ಬರೆಯುವ ಪ್ರತಿ ಚೀಟಿಯೂ ಕನ್ನಡದಲ್ಲಿರಲಿ. ಅಲ್ಲಿ ಏನು ಮಾಡುತ್ತಾರೆಂದು ರೋಗಿಯ ಎದುರು ಕೂತು ಹೇಳಲು ಪ್ರತಿ ತಾಲ್ಲೂಕಿನಲ್ಲೂ ಒಬ್ಬರನ್ನು ನೇಮಿಸಿ. ಎಂದಿನಿಂದ ಎಂಬುದನ್ನು ಲಿಖಿತವಾಗಿ ತಿಳಿಸಿ. ಉತ್ತರ ಅತ್ತೆಯ ಹೆಸರಿಗೇ ಬರಲಿ. ನಾನು ಓದಿ ಹೇಳುತ್ತೇನೆ. ಅವಳು ಕೂತು ಕೇಳುತ್ತಾಳೆ.