ಗಾಳದವರ ಸಂಘ, ಪಕ್ಕೆ ಮೀನು ಮತ್ತು ನಾನು

ಶಿಸ್ತಿನಿಂದ ಬದುಕಬೇಕೆಂದು ಹೊರಟವರ ಸುತ್ತಲೇ ಅಶಿಸ್ತಿನ ಜನ ಬಂದು ಸೇರಿಕೊಳ್ಳುತ್ತಾರೆ. ನನ್ನ ವಿಷಯದಲ್ಲಂತೂ ಇದು ತಪ್ಪಿದ್ದೇ ಇಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ನಮ್ಮ ಉಗುರು, ರಿಬ್ಬನ್ನು, ಅಲ್ಪವಿರಾಮ ಮೂರನ್ನೂ ದಿನಾ ಪರೀಕ್ಷಿಸುತ್ತಿದ್ದರು. ನಾನೂ ಚಿಂತಾಮಣಿಯ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೆ ಅದನ್ನೇ ಮಾಡಿದೆ. ಇಂಥ ನಾನು ಮೀನಿಗೆ ಗಾಳ ಹಾಕುವವರ ಸಂಘಕ್ಕೆ ಅಧ್ಯಕ್ಷೆಯಾದೆ ಎಂದರೆ ಅದಕ್ಕೆ ನಮ್ಮ ಯಜಮಾನರೇ ಕಾರಣ.

ಅವರಿಗೆ ಗಾಳದ ಹುಚ್ಚು. ಮುರುಗಮಲ್ಲದ ರಸ್ತೆಯಲ್ಲಿ ಒಳಕ್ಕೆ ಹೋದರೆ ಸಿಗುವ ಕೆರೆಯ ದಡದಲ್ಲಿ ಅವರೂ ಅವರಂಥವರೂ ದಿನವಿಡೀ ಕೂತಿರುತ್ತಾರೆ. ಎಲ್ಲರಿಗೂ ಬೇಕಾದದ್ದು ಕೊರಮೀನು ಎನ್ನುವ ದೊಡ್ಡ ಮೀನು. ಆ ಕೊರಮೀನಿಗೆ ಬೇಕಾದದ್ದು ಪಕ್ಕೆ ಎನ್ನುವ ಬೆರಳುದ್ದದ ಬೆಳ್ಳಿ ಬಣ್ಣದ ಸಣ್ಣ ಮೀನು. ಕೆರೆಯನ್ನು ಟೆಂಡರಿಗೆ ಹಿಡಿದವನು ಸೊಳ್ಳೆ ಪರದೆಯಂಥ ಬಲೆ ತಂದು ಪಕ್ಕೆಯನ್ನೆಲ್ಲ ಬಾಚಿ, ಒಣಗಿಸಿ, ಕೋಳಿ ಫಾರಂಗಳಿಗೆ ಮೇವಿಗಾಗಿ ಕಳಿಸತೊಡಗಿದ. ಮಳೆ ಬಂದು ಕೆರೆ ಕೋಡಿ ಬಿದ್ದಾಗ ಮೊಟ್ಟೆ ತುಂಬಿದ ಪಕ್ಕೆಗಳು ಹರಿಯುವ ನೀರಿಗೆ ಎದುರಾಗಿ ಹಾರುತ್ತವೆ. ಅವನು ಅಲ್ಲಿಗೂ ಬಲೆ ಕಟ್ಟಿದ. ಇನ್ನೆರಡು ಮಳೆಗಾಲ ಹೀಗೇ ಆದರೆ ಪಕ್ಕೆಯೂ ಇಲ್ಲ, ಕೊರಮೀನೂ ಇಲ್ಲ, ನಮ್ಮ ಯಜಮಾನರು ದಿನವಿಡೀ ಮನೆಯಲ್ಲೇ ಇರುತ್ತಾರೆ. ಈ ಕಡೆಯ ಮಾತನ್ನು ಕೇಳಿದ ಮೇಲೆಯೇ ನಾನು ಅಧ್ಯಕ್ಷೆಯಾಗಲು ಒಪ್ಪಿದ್ದು.

ಮೊದಲ ಸಭೆ

ಸಭೆ ನಮ್ಮ ಮನೆಯ ಜಗಲಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಎಂದು ತಿಳಿಸಿದ್ದೆ. ಆಶ್ಚರ್ಯವೆಂದರೆ ಎಲ್ಲರೂ ಸಮಯಕ್ಕೆ ಬಂದರು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಮುಂದಿನ ಕುರ್ಚಿ ಹಿಡಿದರು. ಶಿಡ್ಲಘಟ್ಟದಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರು ಬೈಕಿನಲ್ಲಿ ಬಂದರು. ನನಗೆ ಸಂತೋಷವಾಯಿತು. ಸ್ವಾಗತ ಭಾಷಣ ಶುರು ಮಾಡಿದೆ.

ಅಷ್ಟರಲ್ಲಿ ಮೋಡ ಕವಿಯಿತು. ತಣ್ಣಗೆ ಗಾಳಿ ಬೀಸಿತು. ಕಂಡಕ್ಟರ್ ಒಮ್ಮೆ ಆಕಾಶ ನೋಡಿದರು.

"ಮೇಡಂ, ಮನೇಲಿ ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ, ನೋಡ್ಕೊಂಡು ಬರ್ತೀನಿ" ಎಂದು ಎದ್ದರು. ರೀಲರ್‌ಗೆ ಫೋನ್ ಬಂತು. ಫೋನು ಕಿವಿಯಲ್ಲೇ ಇಟ್ಟುಕೊಂಡು ಬೈಕ್ ಹತ್ತಿದರು. ನಾನು "ಎರಡನೆಯದಾಗಿ" ಎನ್ನುವ ಹೊತ್ತಿಗೆ ಎದುರಿಗೆ ಕುರ್ಚಿಗಳು ಮಾತ್ರ ಇದ್ದವು. ಒಳಗೆ ಕಾಫಿ ತರಲು ಹೋದ ಯಜಮಾನರು ಹಿತ್ತಲ ಬಾಗಿಲಿನಿಂದ ಹೋಗಿದ್ದರು.

ಆಟೊ ಹಿಡಿದು ಕೆರೆಗೆ ಹೋದೆ. ಸಂಘ ಸಂಪೂರ್ಣವಾಗಿ ಅಲ್ಲಿತ್ತು. ಸಾಲಾಗಿ, ನನಗೆ ಬೆನ್ನು ಹಾಕಿ ಕೂತಿತ್ತು. ಮೋಡದ ದಿನ ಕೊರಮೀನು ಚೆನ್ನಾಗಿ ಕಚ್ಚುತ್ತದಂತೆ.

ಆರಂಭಿಸಿದ್ದನ್ನು ಅರ್ಧಕ್ಕೆ ಬಿಟ್ಟವಳಲ್ಲ ನಾನು. ಏರಿಯ ಮೇಲೆ ನಿಂತು, ಆ ಬೆನ್ನುಗಳಿಗೇ ಭಾಷಣ ಪೂರ್ತಿ ಮಾಡಿದೆ. "ಪಕ್ಕೆ ಮೀನಿನ ಸಂತತಿಯನ್ನು ಉಳಿಸಲು ಈ ಸಂಘ ಪ್ರತಿಜ್ಞೆ ಮಾಡುತ್ತದೆ. ಒಪ್ಪುವವರು ಕೈ ಎತ್ತಿ."

"ಕೈ ಖಾಲಿ ಇಲ್ಲ ಮೇಡಂ, ಬಾಯಲ್ಲೇ ಒಪ್ಪಿದೀವಿ" ಎಂದರು ರೀಲರ್. ಎಲ್ಲರೂ "ಹೂಂ" ಎಂದರು. ಸರ್ವಾನುಮತ ಎಂದು ಬರೆದುಕೊಂಡೆ.

ಬರೆಯುವಾಗ ಕಣ್ಣು ಕಂಡಕ್ಟರ್ ಪಕ್ಕದಲ್ಲಿದ್ದ ಡಬ್ಬದ ಮೇಲೆ ಬಿತ್ತು. ಒಳಗೆ ಏನೋ ಮಿಣಮಿಣ ಹೊಳೆಯುತ್ತಿತ್ತು.

"ಗಾಳಕ್ಕೆ ಏನು ಸಿಕ್ಕಿಸಿದ್ದೀರಿ?"

ಕಂಡಕ್ಟರ್ ತಿರುಗದೆಯೇ ಡಬ್ಬದ ಮೇಲೆ ಟವೆಲ್ ಎಳೆದು ಕೇಳಿದರು: "ಮೇಡಂ, ಮೀಟಿಂಗ್ ಮುಗೀತಲ್ಲ?"

ಸಾಹೇಬರ ವಿಚಾರಣೆ

ಮೀನುಗಾರಿಕೆ ಇಲಾಖೆಗೆ ನಾವು ಕೊಟ್ಟ ಅರ್ಜಿಯ ಮೇಲೆ ಅಲ್ಲಿನ ಸಾಹೇಬರೊಬ್ಬರು ಕೆರೆ ನೋಡಲು ಬಂದರು. ಕೆರೆಯಲ್ಲಿ ಮೀನು ಕಡಿಮೆಯಾಗಿದೆ ಎಂದು ಅವರು ಬರೆದುಕೊಂಡರೆ ಸಾಕು, ನಮ್ಮ ಕೆಲಸ ಅರ್ಧ ಆದಂತೆ. ಅವರು ಬರುವ ಮೊದಲೇ ನಾನು ಎಲ್ಲರಿಗೂ ಪಾಠ ಮಾಡಿದ್ದೆ: "ಇದ್ದದ್ದನ್ನು ಇದ್ದಂತೆ ಹೇಳಿ. ಮೊದಲು ದೊಡ್ಡ ಮೀನು ಸಿಗುತ್ತಿತ್ತು, ಈಗ ಸಿಗುತ್ತಿಲ್ಲ. ಅಷ್ಟೇ."

ಸಾಹೇಬರು ಕಂಡಕ್ಟರನ್ನು ಕೇಳಿದರು. "ಹೇಗಪ್ಪ, ಈಗ ಮೀನು ಹೇಗಿದೆ?"

"ಎಲ್ಲಿ ಸಾರ್, ಏನೂ ಇಲ್ಲ" ಎಂದರು ಕಂಡಕ್ಟರ್. ನಾನು ತಲೆಯಾಡಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ನೀವು ಕೊನೇ ಸಲ ಹಿಡಿದದ್ದು ಎಷ್ಟಿತ್ತು? ಇಷ್ಟಿತ್ತಾ?" ಸಾಹೇಬರು ಅಂಗೈ ತೋರಿಸಿದರು.

ಕಂಡಕ್ಟರ್ ಮುಖ ಕೆಂಪಾಯಿತು. ಸುತ್ತ ಇಡೀ ಸಂಘ ನಿಂತು ನೋಡುತ್ತಿದೆ. "ಅಷ್ಟಾ? ನಾನಾ? ಸಾರ್, ಮೊನ್ನೆ ಹಿಡಿದದ್ದು ಇಷ್ಟಿತ್ತು!" ಎಂದು ಮೊಣಕೈವರೆಗೆ ತೋರಿಸಿದರು.

ರೀಲರ್ ಸುಮ್ಮನಿರುತ್ತಾರೆಯೇ? "ಅದೇನು ಬಿಡಿ ಸಾರ್. ನಂದು ಬೈಕಿಗೆ ಕಟ್ಟಿದ್ರೆ ಬಾಲ ರೋಡಿಗೆ ಉಜ್ತಿತ್ತು."

ನಾನು ಯಜಮಾನರ ಕಡೆ ನೋಡಿದೆ. ಮೂವತ್ತು ವರ್ಷಕ್ಕೂ ಮೀರಿದ ದಾಂಪತ್ಯ, ಕಣ್ಣಿನಲ್ಲೇ ಅರ್ಥವಾಗಬೇಕು. ಅರ್ಥವಾಯಿತು. ಆದರೂ ಅವರು ಮುಂದೆ ಬಂದು ಎರಡೂ ಕೈ ಚಾಚಿದರು. ಒಂದು ಕೈ ಸಾಹೇಬರ ಕನ್ನಡಕಕ್ಕೆ ತಾಗಿತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಕೆರೆಯಲ್ಲಿ ಮೀನು ಸಮೃದ್ಧವಾಗಿದೆ" ಎಂದು ಬರೆದುಕೊಂಡು ಜೀಪು ಹತ್ತಿದರು.

ಮನೆಗೆ ಬಂದು ಕೇಳಿದೆ. "ಅಂಗೈಯಗಲದ ಮೀನನ್ನು ಅಂಗೈಯಗಲ ಎನ್ನಲು ನಿಮಗೆ ಏನಾಗಿತ್ತು?"

"ಮೀನಿನ ವಿಷಯದಲ್ಲಿ ಕೈ ತಾನಾಗೇ ಅಗಲ ಆಗುತ್ತೆ ಕಣೇ" ಎಂದರು. "ಕಡಿಮೆ ಮಾಡೋ ಅಭ್ಯಾಸ ಕೈಗಿಲ್ಲ."

ಶಾಸಕರ ಮನೆಯಲ್ಲಿ

ಇನ್ನು ಉಳಿದದ್ದು ಒಂದೇ ದಾರಿ. ನೇರವಾಗಿ ಶಾಸಕರ ಹತ್ತಿರ ಹೋಗಿ, ಕೋಡಿಯಲ್ಲಿ ಮೀನು ಹಿಡಿಯಬಾರದೆಂದು ಟೆಂಡರಿಗೆ ಷರತ್ತು ಹಾಕಿಸುವುದು, ಸಣ್ಣ ಕಣ್ಣಿನ ಬಲೆಯ ಬಗ್ಗೆ ಸದನದಲ್ಲಿ ಮಾತಾಡಿಸುವುದು. ಮನವಿಯನ್ನು ನಾನೇ ಬರೆದೆ. ಅದರಲ್ಲಿ ಒಂದು ಅಲ್ಪವಿರಾಮವೂ ಆಚೀಚೆ ಇರಲಿಲ್ಲ.

ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದಲ್ಲ, ನಾನು ನಿಂಬೆಹಣ್ಣು ತಂದಿದ್ದೆ. ರೀಲರ್ ಕೈಯಲ್ಲಿ ಒಂದು ಟಿಫಿನ್ ಕ್ಯಾರಿಯರ್ ಇತ್ತು. ಅವರ ಊಟವಿರಬೇಕೆಂದು ಸುಮ್ಮನಾದೆ.

ಶಾಸಕರು ಕೂರಿಸಿದರು. ನಾನು ಎದ್ದು ನಿಂತು ಹೇಳಿದೆ. "ಮಾನ್ಯರೇ, ನಮ್ಮ ಕೆರೆಯಲ್ಲಿ ಇಂದು ಪಕ್ಕೆ ಎಂಬ ಮೀನು ಕಣ್ಣಿಗೆ ಕಾಣದಂತಾಗಿದೆ."

ಪಕ್ಕದಲ್ಲಿ ಕ್ಯಾರಿಯರ್ ಮುಚ್ಚಳ ತೆಗೆದ ಸದ್ದಾಯಿತು. ಗಮ್ಮೆಂದಿತು. ಒಂದು ತಟ್ಟೆಯ ತುಂಬ ಖಾರ ಹಚ್ಚಿ ಗರಿಗರಿಯಾಗಿ ಹುರಿದ ಪಕ್ಕೆ.

"ಮನೆಯವಳು ಮಾಡಿದ್ಲು ಸಾರ್, ನಿಮಗೇ ಅಂತ" ಎಂದರು ರೀಲರ್.

ಶಾಸಕರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಕಾಣಿಸ್ತಿಲ್ಲ ಅಂದ್ರಲ್ಲ ಮೇಡಂ?"

"ಇವೇ ಸಾರ್ ಕೊನೇವು" ಎಂದರು ಕಂಡಕ್ಟರ್ ತಕ್ಷಣ. ಇಷ್ಟು ವರ್ಷ ಚೆಕಿಂಗ್‌ನವರಿಗೆ ಉತ್ತರ ಕೊಟ್ಟವರು.

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಆಗ ವಾಸನೆ ಹಿಡಿದು ಒಳಗಿನಿಂದ ಶಾಸಕರ ತಾಯಿ ಬಂದರು. ಆಂಧ್ರದ ಗಡಿಯ ಕಡೆಯವರು, ಹಣೆಯಲ್ಲಿ ಕಾಸಗಲ ಕುಂಕುಮ. ಒಂದು ಪಕ್ಕೆ ಎತ್ತಿಕೊಂಡು ಮುರಿದು ನೋಡಿದರು.

"ಏಂದಿ ಇದಿ? ಮೊಟ್ಟೇನೇ ಇಲ್ವಲ್ಲ! ನಾನು ಮದುವೆಯಾಗಿ ಬಂದಾಗ ಕೋಡೀಲಿ ಸೆರಗು ಹಿಡಿದ್ರೆ ಸೆರಗು ತುಂಬ ಮೊಟ್ಟೆ ಪಕ್ಕೆ ಬೀಳ್ತಿತ್ತು. ಎಲ್ಲಿ ಹೋದ್ವು?"

"ಮೊಟ್ಟೆ ಇಡುವ ಮೊದಲೇ ಬಲೆ ಹಾಕಿ ಬಾಚುತ್ತಾರೆ ಅಮ್ಮ" ಎಂದೆ ನಾನು.

ತಾಯಿ ಮಗನ ಕಡೆ ತಿರುಗಿದರು. "ಏನೋ, ನೀನು ಎಮ್ಮೆಲ್ಲೆ ಆಗಿದ್ಕೊಂಡು ನಾನು ಮೊಟ್ಟೆ ಇಲ್ಲದ ಪಕ್ಕೆ ತಿನ್ನಬೇಕೇನೋ?"

"ಮಾಡಿಸ್ತೀನಮ್ಮ, ಮಾಡಿಸ್ತೀನಿ" ಎಂದರು ಶಾಸಕರು. ನನ್ನ ಮನವಿಯನ್ನು ಎರಡೂ ಕೈಯಿಂದ ಗೌರವವಾಗಿ ತೆಗೆದುಕೊಂಡರು. ನಾಲ್ಕಾಗಿ ಮಡಿಚಿದರು. ಮೇಜಿಗೆ ಎಣ್ಣೆಯಾಗದಂತೆ ಕ್ಯಾರಿಯರ್ ಕೆಳಗೆ ಇಟ್ಟರು.

ಕೋಡಿ ಬಿದ್ದ ದಿನ

ಶಾಸಕರು ಮಾತಿಗೆ ತಪ್ಪಲಿಲ್ಲ. ಸದನದಲ್ಲಿ ಎದ್ದು ಮಾತಾಡಿದರು. ನಮ್ಮ ಕೆರೆಯ ಟೆಂಡರಿಗೂ ಷರತ್ತು ಸೇರಿತು: ಕೋಡಿ ಹರಿಯುವಾಗ ಅಲ್ಲಿ ಬಲೆಯಿಂದಾಗಲಿ ಗಾಳದಿಂದಾಗಲಿ ಮೀನು ಹಿಡಿಯಕೂಡದು. ಆ ವಾಕ್ಯ ನನ್ನದೇ.

ಆ ಸಲ ಮಳೆ ಜೋರಾಗಿ ಬಂದು ಕೆರೆ ಕೋಡಿ ಬಿತ್ತು. ನಾನು ಕೊಡೆ ಹಿಡಿದು, ಶಾಲೆಯ ಹಳೇ ವಿಷಲ್ ಕೊರಳಿಗೆ ಹಾಕಿಕೊಂಡು ಕಾವಲಿಗೆ ನಿಂತೆ. ಸಂಘದವರೆಲ್ಲ ಕೋಡಿಕಲ್ಲಿನ ಮೇಲೆ ಸಾಲಾಗಿ ನಿಂತಿದ್ದರು. ಪಕ್ಕೆಗಳು ನೀರಿಗೆ ಎದುರಾಗಿ ಫಳಫಳ ಹಾರುತ್ತಿದ್ದವು. ಟೆಂಡರಿನವನು ಆಚೆ ಬದಿಯಲ್ಲಿ ಬಲೆ ಮಡಿಚಿಟ್ಟುಕೊಂಡು, ನಾವು ಎಲ್ಲಿ ಸಡಿಲ ಬಿಡುತ್ತೇವೋ ಎಂದು ಕಾಯುತ್ತಿದ್ದ.

ಅಷ್ಟರಲ್ಲಿ ಒಂದು ಕಾರು ಬಂತು. ಶಾಸಕರ ತಾಯಿ ಇಳಿದರು. ಸೀದಾ ಬಂದು ನೀರಿನ ಅಂಚಿನ ಕಲ್ಲಿನ ಮೇಲೆ ಕೂತು, ಮಡಿಲ ಮೇಲೆ ಸೆರಗು ಅಗಲವಾಗಿ ಹರಡಿಕೊಂಡರು.

"ಅಮ್ಮ, ಇಲ್ಲಿ ಮೀನು ಹಿಡಿಯುವ ಹಾಗಿಲ್ಲ" ಎಂದೆ.

"ನಾನೆಲ್ಲಿ ಹಿಡೀತಿದ್ದೀನಿ ಟೀಚರಮ್ಮ? ಕೂತಿದ್ದೀನಿ."

"ಸೆರಗು ಹರಡಿದ್ದೀರಿ."

"ಒಣಗ್ಲಿ ಅಂತ."

"ಮಳೆ ಬರುತ್ತಿದೆ."

"ನಿಂತ ಮೇಲೆ ಒಣಗುತ್ತೆ."

ಹೀಗೆನ್ನುವಾಗಲೇ ಒಂದು ಪಕ್ಕೆ ಹಾರಿ ಸರಿಯಾಗಿ ಅವರ ಮಡಿಲಿಗೆ ಬಿತ್ತು. ಹೊಟ್ಟೆ ಉಬ್ಬಿತ್ತು. ತಾಯಿಯ ಮುಖ ಅರಳಿತು. "ನೋಡಮ್ಮ. ಬಲೇನಾ? ಗಾಳಾನಾ?"

ಎರಡೂ ಅಲ್ಲ. ಸೆರಗಿನ ಬಗ್ಗೆ ನನ್ನ ವಾಕ್ಯ ಏನೂ ಹೇಳುತ್ತಿರಲಿಲ್ಲ. ಶಾಸಕರಿಗೆ ಫೋನ್ ಮಾಡಿದೆ. "ಕಾನೂನು ಎಲ್ಲರಿಗೂ ಒಂದೇ ಮೇಡಂ. ಆದ್ರೆ ನಮ್ಮಮ್ಮನಿಗೆ ಅದನ್ನ ನೀವೇ ಹೇಳಿ" ಎಂದು ಇಟ್ಟುಬಿಟ್ಟರು. ಆಚೆ ಬದಿಯಲ್ಲಿ ಟೆಂಡರಿನವನು ಬಲೆ ಬಿಚ್ಚತೊಡಗಿದ. ಅಮ್ಮನವರಿಗೆ ಒಂದು ಬಿಟ್ಟರೆ ಅವನಿಗೆ ಕೆರೆಯನ್ನೇ ಬಿಟ್ಟಂತೆ. ಇಡೀ ಸಂಘ ನನ್ನ ಮುಖ ನೋಡುತ್ತಿತ್ತು.

ವಿಷಲ್ ಊದಲು ಬಾಯಿಗಿಟ್ಟವಳು ತೆಗೆದೆ. ಅವರ ಪಕ್ಕದಲ್ಲಿ, ಆ ಒದ್ದೆ ಕಲ್ಲಿನ ಮೇಲೆಯೇ, ಇಸ್ತ್ರಿ ಮಾಡಿದ ಸೀರೆಯಲ್ಲಿ ಕೂತೆ.

"ಅಮ್ಮ, ತುಂಬು ಬಸುರಿ ನಿಮ್ಮ ಮಡಿಲಿಗೆ ತಾನಾಗಿ ಬಂದಿದ್ದಾಳೆ. ನಿಮ್ಮ ಮನೆಗೆ ಬಸುರಿ ಬಂದರೆ ಕುಂಕುಮ ಇಟ್ಟು ಕಳಿಸುತ್ತೀರೋ, ಬಾಣಲೆಗೆ ಹಾಕುತ್ತೀರೋ?"

ತಾಯಿ ನನ್ನನ್ನು ದಿಟ್ಟಿಸಿದರು. ಮಡಿಲಲ್ಲಿ ಒದ್ದಾಡುತ್ತಿದ್ದ ಪಕ್ಕೆಯನ್ನು ನೋಡಿದರು. "ಅಯ್ಯೋ, ಎಂಥ ಮಾತಂದುಬಿಟ್ಟೆ ತಾಯಿ" ಎಂದು, ತಮ್ಮ ಹಣೆಯ ಕುಂಕುಮಕ್ಕೆ ಬೆರಳು ಮುಟ್ಟಿಸಿ ಮೀನಿನ ತಲೆಗೆ ಸವರಿದರು. "ಹೋಗ್ಬಾರಮ್ಮ, ಸುಖವಾಗಿ ಹೆರಿಗೆ ಆಗ್ಲಿ" ಎಂದು ಮೆಲ್ಲಗೆ ಕೆರೆಗೆ ಬಿಟ್ಟರು.

ಟೆಂಡರಿನವನು ಬಲೆಯನ್ನು ಸುತ್ತಿ ಸ್ಕೂಟರಿನಲ್ಲಿಟ್ಟ. ನಮ್ಮ ಯಜಮಾನರು ಚಪ್ಪಾಳೆ ತಟ್ಟಿದರು. ನಾನು ಎದ್ದು ಸೀರೆ ಕೊಡವಿಕೊಂಡು, "ಬನ್ನಿ ಅಮ್ಮ, ಕಾರಿನವರೆಗೆ ಬಿಡುತ್ತೇನೆ" ಎಂದೆ.

ಅವರು ಕದಲಲಿಲ್ಲ. ಸೆರಗನ್ನು ಮತ್ತೆ ಮಡಿಲ ಮೇಲೆ ಅಗಲವಾಗಿ ಹರಡಿಕೊಂಡರು.

"ನೀನು ಹೋಗಮ್ಮ. ನಾನು ಗಂಡು ಬೀಳೋವರೆಗೂ ಕೂತಿರ್ತೀನಿ. ಗಂಡಿಗೆ ಕುಂಕುಮ ಗಿಂಕುಮ ಏನಿಲ್ಲ, ನೇರ ಬಾಣಲೆಗೇ."

ಕೋಡಿಕಲ್ಲಿನ ಮೇಲೆ ಸಾಲಾಗಿ ನಿಂತಿದ್ದ ನಮ್ಮ ಸಂಘದ ಗಂಡಸರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು.