ರೊಟ್ಟಿ ವೇಳೆಯಲ್ಲಿ ಬೀಳತಕ್ಕದ್ದಲ್ಲ

ವಯಸ್ಸಾದವರಿಗೆ ಸಣ್ಣ ಗುಂಡಿ ಕಾಣುವುದಿಲ್ಲ ಎಂಬ ಸತ್ಯವನ್ನು ಬಾಗಲಕೋಟೆಯ ಹಿರಿಯರ ಕ್ಷೇಮ ಕೋಶವು ದೀರ್ಘ ಅಧ್ಯಯನದ ನಂತರ ಕಂಡುಹಿಡಿಯಿತು. ಆದಕಾರಣ ಗುಂಡಿಯೇ ಇಲ್ಲದ ಕೈಪಟ್ಟಿಯೊಂದನ್ನು ಸಿದ್ಧಪಡಿಸಲಾಯಿತು. ಬಿದ್ದವರು ಪಟ್ಟಿ ಕಟ್ಟಿದ ಕೈಯನ್ನು ನೆಲಕ್ಕೆ ಮೂರು ಸಲ ಬಡಿದರಾಯಿತು, ಹತ್ತಿರದ ಆಂಬುಲೆನ್ಸ್ ಗಾಡಿ ಹೊರಡುತ್ತದೆ. ಕೋಶದ ಅಧಿಕಾರಿ ಶಿರೀಷ ಅವರು ಖುದ್ದಾಗಿ ಕಚೇರಿಯ ನೆಲದ ಮೇಲೆ ಮಲಗಿ, ಬಡಿದು ಪರೀಕ್ಷಿಸಿದರು. ಅಂದು ಎಲ್ಲರ ಊಟವೂ ಖಾನಾವಳಿಯಿಂದ ಬಂದಿದ್ದರಿಂದ ಯಾವ ದೋಷವೂ ಕಂಡುಬರಲಿಲ್ಲ.

ಇಳಕಲ್ಲಿನ ಶಾರವ್ವನಿಗೆ ಪಟ್ಟಿ ಬಂದಾಗ ಹೆಚ್ಚು ಖುಷಿಪಟ್ಟವಳು ಸೊಸೆ ರೋಹಿಣಿ. ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿದಾಗಿನಿಂದ ಅವಳು ಶಾಲೆಯ ನೌಕರಿ ಬಿಡುವ ಯೋಚನೆಯಲ್ಲಿದ್ದಳು. ಪಟ್ಟಿಯನ್ನು ನಂಬಿ ನೌಕರಿ ಉಳಿಸಿಕೊಂಡಳು. ಅವಳು ಶಾಲೆಗೆ ಹೋದ ಮೇಲೆ ಶಾರವ್ವ ಎಂದಿನಂತೆ ರೊಟ್ಟಿ ಬಡಿಯಲು ಕುಳಿತಳು. ಮನೆಯ ಯಜಮಾನಿಕೆಯಲ್ಲಿ ಅವಳಿಗೆ ಉಳಿದದ್ದು ಅದೊಂದೇ, ಅದನ್ನು ಯಾರಿಗೂ ಬಿಟ್ಟುಕೊಡುವವಳಲ್ಲ.

ಆ ಬೆಳಿಗ್ಗೆ ಬಾದಾಮಿಯಿಂದ ಹುನಗುಂದದವರೆಗೆ ಜಿಲ್ಲೆಯ ಅಜ್ಜಿಯರೆಲ್ಲ ಒಟ್ಟಿಗೆ ಬಿದ್ದಿರುವುದಾಗಿ ಕೋಶಕ್ಕೆ ತಿಳಿದುಬಂತು. ಗಾಡಿಯ ಚಾಲಕ ಫಕ್ರುಸಾಬ ಏದುಸಿರು ಬಿಡುತ್ತ ಶಾರವ್ವನ ಮನೆಗೆ ಬಂದು, ಬಿದ್ದವರು ಯಾರೆಂದು ಕೇಳಿದ.

"ಯಾರೂ ಬಿದ್ದಿಲ್ಲೋ ಯಪ್ಪಾ. ಬಿಸಿ ಐತಿ, ಕುಂಡ್ರು," ಎಂದಳು ಶಾರವ್ವ.

ಅವನು ಕುಳಿತ. ಮರುದಿನವೂ ಕುಳಿತ. ಉಳಿದ ಚಾಲಕರೂ ತಮ್ಮ ತಮ್ಮ ಅಜ್ಜಿಯರ ಮನೆಗಳಲ್ಲಿ ಕುಳಿತರು.

ಕೋಶದಲ್ಲಿ ತುರ್ತು ಸಭೆ ಸೇರಿತು. ಹಿರಿಯರು ಅನ್ನಕ್ಕೆ ಒಗ್ಗಿಕೊಳ್ಳಲಿ ಎಂಬ ಸಲಹೆಯನ್ನು, ಜಿಲ್ಲೆಯ ಶಾಂತಿ ಸುವ್ಯವಸ್ಥೆಯ ಹಿತದೃಷ್ಟಿಯಿಂದ ಕೈಬಿಡಲಾಯಿತು. ಕೊನೆಗೆ, ಬೆಳಿಗ್ಗೆ ಎಂಟರಿಂದ ಹತ್ತರವರೆಗಿನ ಎಲ್ಲ ಬಡಿತವನ್ನೂ ರೊಟ್ಟಿ ಎಂದೇ ಪರಿಗಣಿಸುವುದೆಂದು ತೀರ್ಮಾನವಾಯಿತು. ಹಿರಿಯರಿಗೆ ಬೇಸರವಾಗಬಾರದೆಂದು ಪಟ್ಟಿಗೆ ಮೃದುವಾದ ಹೆಣ್ಣುದನಿಯನ್ನೂ ಜೋಡಿಸಿದರು.

ಮುಂದಿನ ಸೋಮವಾರ ರೋಹಿಣಿ ಆಚೆ ಹೋದ ಸ್ವಲ್ಪ ಹೊತ್ತಿಗೆ, ಹಿಟ್ಟಿನ ಡಬ್ಬಿ ಇಳಿಸಲು ಹೋಗಿ ಶಾರವ್ವ ಖರೆಯಾಗಿಯೇ ಬಿದ್ದಳು. ಕಾಲು ಉಳುಕಿತ್ತು, ಏಳಲಾಗಲಿಲ್ಲ. ಹೇಳಿಕೊಟ್ಟಂತೆ ಮೂರು ಸಲ ಬಡಿದಳು.

"ನಮಸ್ಕಾರ. ತಮ್ಮ ರೊಟ್ಟಿ ದಾಖಲಾಗಿದೆ," ಎಂದಿತು ಪಟ್ಟಿ.

"ರೊಟ್ಟಿ ಅಲ್ಲವಾ ಯವ್ವಾ, ನಾ ಬಿದ್ದೇನಿ," ಎಂದು ಮತ್ತೆ ಬಡಿದಳು.

"ತಮ್ಮ ಎರಡನೆಯ ರೊಟ್ಟಿ ದಾಖಲಾಗಿದೆ."

ಶಾರವ್ವನಿಗೆ ಅಳು ಬಂತು. ನೋವಿಗಿಂತ ಹೆಚ್ಚಾಗಿ, ಎಷ್ಟು ಬೈದರೂ ಮರ್ಯಾದೆ ಬಿಡದ ಆ ದನಿಗೆ. ಹತ್ತು ಹೊಡೆದ ಮೇಲೆ ಬಡಿದಾಗ ಗಾಡಿ ಬಂತು. ಫಕ್ರುಸಾಬ ಅವಳನ್ನು ಎತ್ತಿ ದವಾಖಾನೆಗೆ ಒಯ್ದ. ಹೋಗುವಾಗ ಒಲೆಯ ಕಡೆ ಒಮ್ಮೆ ನೋಡಿದ್ದೂ ಸುಳ್ಳಲ್ಲ.

ರೋಹಿಣಿ ಬಾಗಲಕೋಟೆಗೆ ಹೋಗಿ ಶಿರೀಷರ ಎದುರು ನಿಂತಳು. ಅಂದಿನ ರೊಟ್ಟಿಗಳ ಸಂಖ್ಯೆಯಲ್ಲಿ ಅವಳ ಅತ್ತೆಯೇ ಜಿಲ್ಲೆಗೆ ಮೊದಲಿಗರೆಂದು ಅವರು ಅಭಿನಂದಿಸಿದರು.

"ಸರ, ಅವತ್ತ ನಮ್ಮತ್ತಿ ಇನ್ನಾ ಹಿಟ್ಟ ನಾದಿರಲಿಲ್ರಿ."

"ಹಿಟ್ಟಿಲ್ಲದ ಇಷ್ಟು ರೊಟ್ಟಿ ಆಗ್ಯಾವ ಅಂದ್ರ, ಪಟ್ಟಿ ಎಷ್ಟು ಛಲೋ ಕೆಲಸ ಮಾಡೇದ ನೋಡ್ರಿ," ಎಂದರು ಶಿರೀಷ.

ಆದರೂ ದೂರನ್ನು ಗಂಭೀರವಾಗಿ ಪರಿಗಣಿಸಿ, ಅದೇ ವಾರ ಪ್ರಕಟಣೆ ಹೊರಟಿತು: "ಪಟ್ಟಿ ಧರಿಸಿದವರು ರೊಟ್ಟಿ ವೇಳೆಯಲ್ಲಿ ಬೀಳತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ಹತ್ತು ಗಂಟೆಯವರೆಗೆ ಬಿದ್ದ ಸ್ಥಿತಿಯಲ್ಲೇ ಇದ್ದು, ತದನಂತರ ಬಡಿಯತಕ್ಕದ್ದು."

ನಿಯಮ ಸ್ಪಷ್ಟವಾಗಿದ್ದುದರಿಂದ ಜನರಿಗೆ ನೆಮ್ಮದಿಯಾಯಿತು. ರೋಹಿಣಿಯ ನೌಕರಿಯೂ ಉಳಿಯಿತು. ಈಗ ಅವಳು ಹೊರಡುವಾಗ ಹುಷಾರಾಗಿರಿ ಎಂದು ಹೇಳುವುದಿಲ್ಲ.

"ಅತ್ತಿ, ಹತ್ತರತನಾ ಬೀಳಬ್ಯಾಡ್ರಿ," ಎನ್ನುತ್ತಾಳೆ.

ಶಾರವ್ವ ಹಿಟ್ಟು ನಾದುತ್ತ, ತಲೆಯೆತ್ತದೆ ಹೇಳುತ್ತಾಳೆ: "ಬೀಳಂಗಿಲ್ಲವಾ, ನೀ ಹೋಗು. ರೊಟ್ಟಿ ಮುಗೀಲಿ ಮೊದಲ."